ದೊಡ್ಡವ್ವ ಒತ್ತಿದ ಬಟನ್

ಹುಕ್ಕೇರಿಯ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಇವತ್ತು ಒಬ್ಬ ಹುಡುಗಿ ತಾನು ಮಾಡಿದ ವೆಬ್ ಪುಟ ತೋರಿಸಿ, "ಮೇಡಂ, ಬಟನ್ ಚಂದ ಕಾಣತೈತ್ರಿ, ಆದ್ರ ಒತ್ತಿದ್ರ ಏನೂ ಆಗವಲ್ದು" ಎಂದಳು. ಬರೀ ಪುಟವೆಂದರೆ ಗೋಡೆಯ ಕ್ಯಾಲೆಂಡರ್ ಇದ್ದಂತೆ, ನೋಡಬಹುದು ಅಷ್ಟೇ. ಬೆರಳು ತಾಗಿದಾಗ ಇಂಥದ್ದು ಮಾಡು ಎಂದು ಅದಕ್ಕೆ ಹೇಳಿಕೊಡುವುದು ಸ್ಕ್ರಿಪ್ಟ್ ಎಂದು ವಿವರಿಸಿದೆ. ಹೇಳುತ್ತಿದ್ದಂತೆ ಮೂಡಲಗಿಯ ದೊಡ್ಡವ್ವ ನೆನಪಾದಳು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ನಾಲ್ಕು ವರ್ಷದ ಹಿಂದೆ ಲಕ್ವಾ ಹೊಡೆದು ಅವಳ ಮಾತು ನಿಂತುಹೋಯಿತು. ಗೋಕಾಕದ ಡಾಕ್ಟರು ಎದ್ದು ಓಡಾಡುವಂತೆ ಮಾಡಿದರು, ಮಾತನ್ನು ಮಾತ್ರ ತರಲಾಗಲಿಲ್ಲ. ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವಳು ಬಾಗಿಲ ಬಳಿ ಕುರ್ಚಿಯಲ್ಲಿ ಮುಖ ತಿರುಗಿಸಿ ಕೂತಿರುತ್ತಿದ್ದಳು. ನನಗೆ ನೋಡಲಾಗಲಿಲ್ಲ. ನಾಲ್ಕು ಸಾಲು ಕೋಡ್ ಬಲ್ಲೆನೆಂಬ ಜಂಬ ಬೇರೆ. ನೀರು, ಚಹಾ, ಔಷಧ, ಬಚ್ಚಲು ಎಂದು ನಾಲ್ಕು ಚಿತ್ರಗಳ ಪುಟವೊಂದನ್ನು ಮಾಡಿ ಒಂದು ಟ್ಯಾಬಿಗೆ ಹಾಕಿದೆ. ಮುಟ್ಟಿದರೆ ಸಾಕು, ಅವಳ ಸೊಸೆ ಶಾಂತಾ ವೈನಿಯ ದನಿಯಲ್ಲಿ ಟ್ಯಾಬ್ "ನೀರ ಬೇಕು", "ಚಾ ಬೇಕು" ಎನ್ನುತ್ತಿತ್ತು. ಅದನ್ನು ದೊಡ್ಡವ್ವನ ತೊಡೆಯ ಮೇಲಿಟ್ಟು, ದೊಡ್ಡ ಉಪಕಾರ ಮಾಡಿದವಳಂತೆ ಬಸ್ ಹತ್ತಿದೆ.

ಎಂಟು ದಿನ ಬಿಟ್ಟು ಹೋದರೆ ಅವಳು ಅದನ್ನು ಮುಟ್ಟಿಯೇ ಇಲ್ಲ! ನನ್ನ ಸ್ಕ್ರಿಪ್ಟೇ ಕೆಟ್ಟಿದೆಯೆಂದು ಸಾಲು ಸಾಲಾಗಿ ಹುಡುಕಿದೆ. ತಪ್ಪೇನೂ ಇರಲಿಲ್ಲ. ಕಡೆಗೆ ವೈನಿ ಹೇಳಿದರು:

"ಅತ್ತಿ ಯಾವತ್ತರೆ ನನಗ ಇದು ಬೇಕು ಅಂತ ಕೇಳ್ಯಾರೇನ? ಮಂದೀಗಿ ನೀಡಿ ಗೊತ್ತು ಅವರಿಗೆ. ನೀ ನೋಡಿದ್ರ ಬರೇ ಬೇಡೂ ಮಾತು ಹಾಕೀದಿ."

ನಿಮ್ಮ ಮುಂದೆ ಮುಚ್ಚಿಡುವುದೇನು, ನಾಚಿಕೆಯಾಯಿತು. ವೈನಿಯಿಂದ ಹೊಸ ಮಾತೊಂದನ್ನು ಹೇಳಿಸಿ, ರೊಟ್ಟಿಯ ಚಿತ್ರ ಹಾಕಿ, ಅಲ್ಲೇ ಐದನೆಯ ಬಟನ್ ಮಾಡಿದೆ. ಸಂಜೆ ಹಾಲು ಹಾಕುವ ಕಾಕಾ ಬಾಗಿಲಿಗೆ ಬಂದ. ದೊಡ್ಡವ್ವನ ಬೆರಳು ರೊಟ್ಟಿಯ ಮೇಲೆ ಬಿತ್ತು.

"ಬರ್ರಿ, ಕುಂದರ್ರಿ, ಉಂಡ ಹೋಗ್ರಿ!"

ಕಾಕಾ ಬೆಚ್ಚಿಬಿದ್ದ. "ಇನ್ನೂ ಹೊತ್ತ ಮುಳಗಿಲ್ರಿ ಅವ್ವಾರ, ಈಗೇನ ಊಟ?" ಎಂದ.

ಅವಳು ಬಿಡಲಿಲ್ಲ, ಮತ್ತೆ ಒತ್ತಿದಳು. ಮತ್ತೂ ಒಮ್ಮೆ ಒತ್ತಿದಳು. ಅವನು ಹಾಲಿನ ಕ್ಯಾನು ಕೆಳಗಿಟ್ಟು ಕೂತ, ರೊಟ್ಟಿ ತಿಂದೇ ಎದ್ದ. ದೊಡ್ಡವ್ವ ಸೊಟ್ಟಬಾಯಿಯಲ್ಲೇ ನಕ್ಕಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅವಳಿಗೆ ಈಗಲೂ ಮಾತು ಬಂದಿಲ್ಲ. ನಾಳೆ ರವಿವಾರ, ಮೂಡಲಗಿಗೆ ಹೋಗುತ್ತೇನೆ. ಪ್ರತಿ ಸಲ ಅಲ್ಲಿಂದ ಹೊರಡುವಾಗ "ಬರ್ತೀನಿ ದೊಡ್ಡವ್ವ" ಎಂದರೆ ಅವಳು ಉತ್ತರಕ್ಕೆ ರೊಟ್ಟಿಯನ್ನೇ ಒತ್ತುತ್ತಾಳೆ, ನಾನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋಗಿ ಕೂಡುತ್ತೇನೆ. "ಹೋಗಿ ಬಾ" ಎನ್ನುವ ಬಟನ್ ಸೇರಿಸುವುದು ಐದು ನಿಮಿಷದ ಕೆಲಸ. ನಾಲ್ಕು ವರ್ಷವಾದರೂ ಅದನ್ನು ನಾನು ಮಾಡಿಲ್ಲ.