ಹೊಳೆಯಾಚೆಯ ವಿದ್ಯಾರ್ಥಿ

ಕಳೆದ ವಾರ ಈ ಅಂಕಣ ಏಕೆ ಬರಲಿಲ್ಲ ಎಂದು ಮೂವರು ಓದುಗರು ಕೇಳಿದ್ದಾರೆ. (ಮೂವರಾದರೂ ಕೇಳಿದರಲ್ಲ!) ಕಾರಣ ಇಷ್ಟೇ. ನಾನು ದುಬಾರೆಯಲ್ಲಿ, ಕಾವೇರಿಯ ಆಚೆ ದಡದಲ್ಲಿ, ಎರಡು ದಿನ ಸಿಕ್ಕಿಬಿದ್ದಿದ್ದೆ.

ಮೈಸೂರಿನಿಂದ ಬಂದಿದ್ದ ನನ್ನ ಭಾವನಿಗೆ ಆನೆ ನೋಡುವ ಆಸೆ. ಈ ಮಳೆಯಲ್ಲಿ ಬೇಡ ಎಂದು ನನ್ನ ಹೆಂಡತಿ ಹೇಳಿದಳು. ಕೇಳಿದೆವೇ? ಬೆಳಗ್ಗೆ ಹರಿಗೋಲಿನಲ್ಲಿ ಹೊಳೆ ದಾಟಿ ಅರಣ್ಯ ಇಲಾಖೆಯ ಆನೆ ಕ್ಯಾಂಪಿಗೆ ಹೋದೆವು. ಮಧ್ಯಾಹ್ನ ದಡಕ್ಕೆ ಬಂದಾಗ ನೀರು ಕೆಂಪಾಗಿ, ಮರಗಳನ್ನೇ ಹೊತ್ತುಕೊಂಡು ಹರಿಯುತ್ತಿತ್ತು. ಹಿಂದಿನ ದಿನ ಭಾಗಮಂಡಲದ ಕಡೆ ಸುರಿದ ಮಳೆಯೆಲ್ಲ ಈಗ ಇಲ್ಲಿಗೆ ಬಂದಿತ್ತು. ಅಂಬಿಗ ಹರಿಗೋಲನ್ನು ದಡದ ಮೇಲಕ್ಕೆಳೆದು ಕವುಚಿ ಹಾಕಿ ಹೋಗಿಬಿಟ್ಟಿದ್ದ.

ನಮಗೆ ಜಾಗ ಕೊಟ್ಟವನು ಅಲ್ಲಿನ ಗಾರ್ಡ್, ಚಿಣ್ಣಪ್ಪ. ಮೂವತ್ತರ ಆಸುಪಾಸು. ಮಾತು ಕಡಿಮೆ. ತನ್ನ ಹುಲ್ಲು ಮಾಡಿನ ಮನೆಯಲ್ಲಿ ಚಾಪೆ ಹಾಸಿಕೊಟ್ಟ, ಬಿಸಿ ಗಂಜಿ ಬಡಿಸಿದ, ನಮ್ಮ ಒದ್ದೆ ಕೋಟುಗಳನ್ನು ಒಲೆಯ ಮೇಲೆ ತೂಗುಹಾಕಿದ. ಆ ಹೆಸರು ಎಲ್ಲೋ ಕೇಳಿದ ಹಾಗಿತ್ತು. ಆದರೆ ಕೊಡಗಿನಲ್ಲಿ ಚಿಣ್ಣಪ್ಪಂದಿರಿಗೇನು ಬರವೇ?

ಮರುದಿನವೂ ನೀರು ಇಳಿಯಲಿಲ್ಲ. ಹೆಂಡತಿ ಗಾಬರಿಯಾಗುತ್ತಾಳೆಂದು ಒಂದು ಕಾರ್ಡು ಬರೆದು, ಟಪಾಲಿಗೆ ಹಾಕಿಸು ಎಂದು ಅವನ ಕೈಗೆ ಕೊಟ್ಟೆ. ಅವನು ಕಾರ್ಡನ್ನೇ ನೋಡುತ್ತಾ ನಿಂತ.

“ಇದು ಹೋಗ್ಬೇಕಾದ್ರೂ ನೀರು ಇಳೀಬೇಕು ಸಾರ್,” ಎಂದ. ಕಾರ್ಡು ತಿರುಗಿಸಿ ನೋಡಿ, “ಈ ಅಕ್ಷರ ನಂಗೆ ಗೊತ್ತು,” ಎಂದ.

ಮೂಲೆಯಲ್ಲಿದ್ದ ಟ್ರಂಕು ತೆಗೆದು ಒಂದು ಕಟ್ಟು ಕಾಗದ ತಂದಿಟ್ಟ. ಎಲ್ಲವೂ ನನ್ನವೇ. ಕೆಂಪು ಶಾಯಿ ಇನ್ನೂ ಮಾಸಿರಲಿಲ್ಲ.

ನಾನು ಮಡಿಕೇರಿಯಲ್ಲಿ ಮೇಷ್ಟ್ರು ಎಂಬುದು ಹಳೆಯ ಓದುಗರಿಗೆ ಗೊತ್ತು. ಹೈಸ್ಕೂಲಿಗೆ ಬರಲಾಗದವರಿಗೆ ಟಪಾಲಿನಲ್ಲಿ ಮೆಟ್ರಿಕ್ ಪಾಠ ಹೇಳುವುದು ನನ್ನ ಇನ್ನೊಂದು ಕೆಲಸ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳು, ಅಂಗಡಿ ಗುಮಾಸ್ತರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು. ನಾನು ಪ್ರಶ್ನೆ ಕಳಿಸುತ್ತೇನೆ, ಅವರು ಉತ್ತರ ಕಳಿಸುತ್ತಾರೆ. ಯಾವ ವಿಷಯ ತೆಗೆದುಕೊಳ್ಳಬೇಕು, ಯಾವ ವರ್ಷ ಪ್ರೈವೇಟಾಗಿ ಪರೀಕ್ಷೆಗೆ ಕೂರಬೇಕು, ಎಲ್ಲಕ್ಕೂ ನನ್ನದೇ ಸಲಹೆ. ಅವರ ಮುಖ ನೋಡಿದವನಲ್ಲ. ನೋಡಬೇಕೆಂದು ಅನಿಸಿಯೂ ಇರಲಿಲ್ಲ.

ಚಿಣ್ಣಪ್ಪ ಐದು ವರ್ಷದ ಹಿಂದಿನ ವಿದ್ಯಾರ್ಥಿ. ಈಗ ಎಲ್ಲ ನೆನಪಾಯಿತು. ಬೇಸಗೆಯಲ್ಲಿ ಅವನ ಉತ್ತರಗಳು ಗಡಿಯಾರದ ಹಾಗೆ ಬರುತ್ತಿದ್ದವು. ಜೂನ್ ಕಳೆದದ್ದೇ ತಡ, ಎಲ್ಲ ಏರುಪೇರು. ಮೂರು ವಾರ ಒಂದೂ ಇಲ್ಲ. ಆಮೇಲೆ ನಾಲ್ಕು ಒಟ್ಟಿಗೆ. ಕಾಗದದ ಅಂಚು ಕಂದು, ಹೊಗೆಯ ವಾಸನೆ. “ಒಲೆ ಮೇಲೆ ಒಣಗಿಸಿದ ಹಾಗಿದೆ, ಪಾಪ,” ಎಂದು ನನ್ನ ಹೆಂಡತಿ ಆಗಲೇ ಹೇಳಿದ್ದಳು. ನಾನು ಕೆಂಪು ಶಾಯಿಯಲ್ಲಿ ಬರೆದೆ: ಕಾಗದ ಶುಚಿಯಾಗಿರಲಿ.

ಕಟ್ಟಿನ ಕೊನೆಯ ಕಾಗದವನ್ನು ನಾನೇ ಬಿಡಿಸಿ ಓದಿದೆ. “ನಿನ್ನ ಉತ್ತರಗಳು ಕ್ರಮವಾಗಿ ಬರುತ್ತಿಲ್ಲ. ಶ್ರದ್ಧೆ ಸಾಲದು. ಈ ವರ್ಷ ಪರೀಕ್ಷೆಗೆ ಅರ್ಜಿ ಹಾಕಬೇಡ. ಒಂದು ವರ್ಷ ಕಾಯುವುದು ಒಳ್ಳೆಯದು.”

ಒಳ್ಳೆಯದು ಯಾರಿಗೆ? ನಿಜ ಹೇಳಿಬಿಡುತ್ತೇನೆ. ಅವನ ಉತ್ತರಗಳಲ್ಲಿ ದೋಷವಿರಲಿಲ್ಲ. ಇಂಗ್ಲೀಷ್ ಕಾಂಪೊಸಿಶನ್ ಅಂತೂ ನನ್ನ ಕ್ಲಾಸಿನ ಹುಡುಗರಿಗಿಂತ ಚೆನ್ನಾಗಿತ್ತು. ಆದರೆ ನನ್ನ ಕೈಕೆಳಗೆ ಓದಿದ ಪ್ರೈವೇಟ್ ಕ್ಯಾಂಡಿಡೇಟುಗಳಲ್ಲಿ ಅಲ್ಲಿಯವರೆಗೆ ಒಬ್ಬರೂ ಫೇಲಾಗಿರಲಿಲ್ಲ. ಊರಿನಲ್ಲಿ ಜನ ಅದನ್ನು ಹೇಳಿಕೊಳ್ಳುತ್ತಿದ್ದರು. ನನಗೆ ಅದು ಹಿತವಾಗಿತ್ತು. ಹೊತ್ತಿಗೆ ಸರಿಯಾಗಿ ಉತ್ತರ ಕಳಿಸದವನೊಬ್ಬ ಆ ಹೆಸರು ಕೆಡಿಸಿಬಿಟ್ಟರೆ?

ಕಾದೆಯಾ ಎಂದು ಕೇಳಿದೆ. ಕಾದನಂತೆ. ಮೇಷ್ಟ್ರು ಹೇಳಿದ ಮೇಲೆ ಮೀರುವ ಮಾತಿಲ್ಲ ಎಂದು ಆ ವರ್ಷ ಬಿಟ್ಟು, ಮರುವರ್ಷ ತಾನೇ ಓದಿ ಪರೀಕ್ಷೆಗೆ ಕೂತನಂತೆ. ಪಾಸೂ ಆದನಂತೆ. ಇಂಗ್ಲೀಷಿನಲ್ಲೇ ಹೆಚ್ಚು ಅಂಕ.

“ಮತ್ತೆ ಇಲ್ಲೇ ಏಕಿದ್ದೀಯ?”

ಅವನು ಒಲೆಗೆ ಸೌದೆ ದೂಡಿದ. ರೇಂಜರ್ ಟ್ರೈನಿಂಗಿಗೆ ಹೋಗಬೇಕೆಂದೇ ಅವನು ಓದಿದ್ದು. ಮೆಟ್ರಿಕ್ ಆಗಿರಬೇಕು, ವಯಸ್ಸೂ ಮೀರಿರಬಾರದು ಎಂಬುದು ಕಾನೂನು. ಪಾಸಾದದ್ದು ತಿಳಿಯುವ ಹೊತ್ತಿಗೆ ವಯಸ್ಸು ಮೂರು ತಿಂಗಳು ಮೀರಿತ್ತು.

ಹೊಳೆ ದಾಟಲಾಗದೆ ತಡವಾಯಿತು ಎಂದು ಒಂದು ಸಾಲು ಬರೆಯಬಹುದಿತ್ತಲ್ಲ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. (ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ.)

“ಕಾಗದದ ಮೇಲೆ ದುಬಾರೆ ಅಂತ ಬರೀತಿದ್ನಲ್ಲ ಸಾರ್,” ಎಂದ. “ನೀವು ಮಡಿಕೇರೀಲಿ ಇರೋರು. ಮಳೆಗಾಲ್ದಲ್ಲಿ ಇಲ್ಲಿ ದಾಟಾಕಾಗಲ್ಲ ಅಂತ ನಿಮ್ಗೆ ಗೊತ್ತಿರುತ್ತೆ ಅಂದ್ಕಂಡೆ.”

ನನಗೆ ಗೊತ್ತಿತ್ತು. ಕಾವೇರಿ ಯಾವ ತಿಂಗಳು ಉಕ್ಕುತ್ತಾಳೆಂದು ತಿಳಿಯದವರು ಈ ಸೀಮೆಯಲ್ಲಿ ಯಾರಿದ್ದಾರೆ? ಪ್ರತಿ ಉತ್ತರದ ಮೂಲೆಯಲ್ಲೂ ಆ ಮೂರಕ್ಷರ ಕಂಡಿದ್ದೆ. ಆದರೂ ಆ ಹೊಳೆಗೂ ಈ ಕಾಗದಕ್ಕೂ ಸಂಬಂಧವಿದೆಯೆಂದು ಒಮ್ಮೆಯೂ ಹೊಳೆಯಲಿಲ್ಲ.

ನನ್ನಿಂದ ತಪ್ಪಾಯಿತು ಎಂದೆ. ವಿದ್ಯಾರ್ಥಿಯೊಬ್ಬನಿಗೆ ಹಾಗೆ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಅವನು ಮುಜುಗರಪಟ್ಟುಕೊಂಡು, ಕಾಫಿ ಕಾಯಿಸುತ್ತೇನೆ ಎಂದು ಎದ್ದ. ಕೋಪ ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಾಗಿತ್ತು.

ನೀರು ಇಳಿದ ಮೇಲೆ ಅವನೇ ನಮ್ಮನ್ನು ದಾಟಿಸಿ, ಕುಶಾಲನಗರದ ರಸ್ತೆಯವರೆಗೆ ಕೊಡೆ ಹಿಡಿದು ಬಂದ. ಮಡಿಕೇರಿಗೆ ಬಂದವನೇ ಕಮಿಷನರ ಕಚೇರಿಯಲ್ಲಿ ಪರಿಚಯದ ಗುಮಾಸ್ತರೊಬ್ಬರನ್ನು ಕಂಡೆ. ಅವರು ಪೂರ್ತಿ ಕೇಳಿಸಿಕೊಂಡರು. ಬೇರೆ ಏನಾದರೂ ಆಗಿದ್ದರೆ ಸಾಹೇಬರ ಕಿವಿಗೆ ಹಾಕಬಹುದಿತ್ತು, ವಯಸ್ಸಿನ ವಿಷಯದಲ್ಲಿ ಯಾರೂ ಏನೂ ಮಾಡುವಂತಿಲ್ಲ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಕೋಟನ್ನು ಒಲೆಯ ಬಳಿ ಒಣಹಾಕಿದಳು. ಅನ್ನಬೇಕಾದದ್ದನ್ನು ಐದು ವರ್ಷದ ಹಿಂದೆಯೇ ಅಂದಿದ್ದಳಲ್ಲ.

ಈಗ ನನ್ನ ಮೇಜಿನ ಮೇಲೆ ಈ ವರ್ಷದವರ ಉತ್ತರಗಳಿವೆ. ಕೆಲವು ತಡವಾಗಿ ಬಂದಿವೆ. ಒಬ್ಬಾಕೆಯದು ಇನ್ನೂ ಬಂದೇ ಇಲ್ಲ. ಕೆಂಪು ಶಾಯಿ ಮುಟ್ಟಲು ಮನಸ್ಸಾಗುತ್ತಿಲ್ಲ.

ಕೊಡಗಿನಲ್ಲಿ ಯಾರು ಯಾರಿಗೆ ಕಾಗದ ಬರೆದರೂ ಮೊದಲ ಸಾಲಿನಲ್ಲಿ ‘ನಿಮ್ಮ ಕಡೆ ಮಳೆ ಹೇಗಿದೆ?’ ಎಂದು ಕೇಳುತ್ತಾರೆ. ಮೇಷ್ಟ್ರಾದವನು ಮಾತ್ರ ಕೇಳಬೇಕಾಗಿಲ್ಲ ಎಂದು ನನಗೆ ಯಾರು ಕಲಿಸಿದ್ದರು?