ಸೇತುವೆಯೆಂಬ ಸವತಿ

ಸವತಿಯ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಕಂಡಿದ್ದೇನೆ. ನಾನು ಪಟ್ಟದ್ದು ಒಂದು ಕಬ್ಬಿಣದ ಸೇತುವೆಯ ಮೇಲೆ, ಅದೂ ಅದನ್ನು ಕಣ್ಣಿಂದ ನೋಡುವ ಮೊದಲೇ.

ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಮೈಸೂರಿನ ಚಾಮರಾಜಪುರಂನ ಮನೆಗೆ ಬಂದೆ. ನನ್ನ ಮಾವ ದೂರದ ಬಂದರಿನ ಊರೊಂದರಲ್ಲಿ, ಬ್ರಿಟಿಷರ ಕಾಲದ ಸೇತುವೆಯನ್ನು ತಿರುಗಿಸುವ ಕೆಲಸದಲ್ಲಿದ್ದವರು. ನಾನು ಬರುವ ಹೊತ್ತಿಗೆ ಅವರು ತೀರಿಹೋಗಿದ್ದರು. ಸೇತುವೆ ಮಾತ್ರ ಮನೆಯಲ್ಲಿ ಕಾಲು ಚಾಚಿ ಕೂತಿತ್ತು. ಭಾನುವಾರ ರಾಮಕೃಷ್ಣನಗರದಿಂದ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಬಂದರೆ ಸಾಕು, ಅಕ್ಕ ತಮ್ಮ ಇಬ್ಬರೂ ಅದನ್ನು ಹತ್ತಿಬಿಡುತ್ತಿದ್ದರು. ಹಡಗು ಕೂಗಿದ ಕೂಡಲೇ ಗೇಟು ಬೀಳುವುದಂತೆ, ನಡುನೀರಿನ ಕಂಬದ ಮೇಲೆ ಕೂತ ಸೇತುವೆ ಬಾಗಿಲಿನ ಹಾಗೆ ಪಕ್ಕಕ್ಕೆ ತಿರುಗಿ ದಾರಿ ಬಿಡುವುದಂತೆ, ಎರಡೂ ದಡದಲ್ಲಿ ಗಾಡಿಗಳು ಕಾದು ನಿಲ್ಲುವುದಂತೆ. ನಾನು ಕಾಫಿ ಲೋಟ ಹಿಡಿದು ನಿಂತೇ ಇರುತ್ತಿದ್ದೆ. ಕೈಚಾಚಿ ತೆಗೆದುಕೊಳ್ಳಲೂ ಅವರಿಗೆ ಪುರುಸೊತ್ತಿಲ್ಲ.

ಒಮ್ಮೆ ಅತ್ತಿಗೆ, "ಉಬ್ಬರ ಬಂದ್ರೆ ಹೊಳೆ ಊರಿನ ಕಡೆಗೇ ಹರಿಯೋದು" ಎಂದರು. ಕಾವೇರಿ ನೀರು ಕುಡಿದು ಬೆಳೆದವಳು ನಾನು.

"ಹೊಳೆ ಎಲ್ಲಾದ್ರೂ ಹಿಂದಕ್ಕೆ ಹರಿಯುತ್ತಾ ಅತ್ತಿಗೆ?"

ಇಬ್ಬರೂ ಬಿದ್ದು ಬಿದ್ದು ನಕ್ಕರು. "ಪಾಪ, ಸಮುದ್ರ ನೋಡಿಲ್ಲ ಕಣೋ ಇವಳು" ಎಂದರು ಅತ್ತಿಗೆ. ನನ್ನವರ ನಗುವೇ ಹೆಚ್ಚು ಜೋರಾಗಿತ್ತು. ಅವತ್ತು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಅದನ್ನೂ ಸುಮ್ಮನೆ ಉಂಡರು, ಮಾತೆಲ್ಲ ಸೇತುವೆಯದೇ.

ನಿಜವಾಗಿ ಹೊಟ್ಟೆಗೆ ಬೆಂಕಿ ಬಿದ್ದದ್ದು ದಸರಾದಲ್ಲಿ. ತವರಿನಿಂದ ತಂದ ಪಟ್ಟದ ಗೊಂಬೆಗಳಿಗೆ, ಮರದ ರಾಜ ರಾಣಿ ಜೋಡಿಗೆ, ರೇಷ್ಮೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿದ್ದೆ. ಕೆಳಗೆ ಪಾರ್ಕು, ಮೃಗಾಲಯ ಮಾಡುವುದು ಎಲ್ಲರ ಮನೆಯ ರೂಢಿ. ನಮ್ಮಲ್ಲಿ ಅಕ್ಕ ತಮ್ಮ ಸೇರಿ ಸೇತುವೆ ಮಾಡಿದರು. ಸೈಕಲ್ಲಿನ ಬೇರಿಂಗ್ ಮೇಲೆ ತಗಡಿನ ಸೇತುವೆ, ಕೆಳಗೆ ದೊಡ್ಡ ತಟ್ಟೆಯಲ್ಲಿ ನೀರು. ಸಂಜೆ "ಗೊಂಬೆ ಕೂರ್ಸಿದ್ದೀರಾ?" ಎಂದು ಕೇಳಿಕೊಂಡು ಬಂದ ಬೀದಿಯ ಮಕ್ಕಳೆಲ್ಲ ಅದರ ಮುಂದೆಯೇ ಕುಕ್ಕರುಗಾಲಲ್ಲಿ ಕೂತವು.

"ಆಂಟಿ, ಇನ್ನೊಂದ್ಸಲ ತಿರುಗ್ಸಿ ಆಂಟಿ!"

ಆಂಟಿ ಎಂದರೆ ನಾನಲ್ಲ, ಅತ್ತಿಗೆ. ನಾನು ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದು, "ರಾಜ ರಾಣೀನೂ ನೋಡ್ರೋ" ಎಂದು ಗೋಗರೆದೆ. ಮಿಠಾಯಿ ಈಸಿಕೊಂಡವು, ತಲೆ ಎತ್ತಲಿಲ್ಲ. ಪ್ರತಿ ವರ್ಷವೂ ಇದೇ ಹಾಡು. ನನ್ನ ಗಂಡನ ಒಳ್ಳೆಯ ದಿನಗಳೆಲ್ಲ ನಾನು ಬರುವ ಮೊದಲೇ, ಆ ಊರಿನಲ್ಲಿ, ಅಕ್ಕನ ಜೊತೆ ಮುಗಿದುಹೋಗಿವೆ ಎನಿಸುತ್ತಿತ್ತು. ಅವರ ಬಾಲ್ಯದಲ್ಲಿ ನನಗೂ ಒಂದು ಚೂರು ಬೇಕಿತ್ತು, ಅಷ್ಟೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಮೂವರೂ ಆ ಊರಿಗೆ ಹೋದೆವು. ಪಕ್ಕದಲ್ಲಿ ಕಾಂಕ್ರೀಟಿನ ಹೊಸ ಸೇತುವೆ ಬಂದು, ಹಳೆಯದು ತಿರುಗುವುದನ್ನು ನಿಲ್ಲಿಸಿ ತುಕ್ಕು ಹಿಡಿದಿತ್ತು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಆದರೆ ಚೆನ್ನಾಗಿತ್ತು. ಅದರ ಕೆಳಗೆ ನೀರು, ನನ್ನ ಕಣ್ಣೆದುರೇ, ಕಡಲಿನಿಂದ ಊರಿನೊಳಕ್ಕೆ ಹರಿದು ಬರುತ್ತಿತ್ತು.

ನನ್ನವರಿಗೆ ಕಾಲು ನೆಲದ ಮೇಲಿರಲಿಲ್ಲ. "ನೋಡು, ಇಲ್ಲೇ ನಮ್ಮ ಕ್ವಾರ್ಟರ್ಸ್. ಅಡುಗೆಮನೆ ಕಿಟಕೀಲಿ ನಿಂತ್ರೆ ಅಪ್ಪ ಚಕ್ರ ತಿರುಗಿಸೋದು ಕಾಣೋದು. ಅಲ್ವೇನಕ್ಕ?"

ಅತ್ತಿಗೆ ಬಿಸಿಲಿಗೆ ಕೈ ಅಡ್ಡ ಹಿಡಿದು ಆಚೆ ದಡ ತೋರಿಸಿದರು. "ಕ್ವಾರ್ಟರ್ಸ್ ಇದ್ದಿದ್ದು ಅಲ್ಲಿ ಕಣೋ. ನಿಂಗೆಲ್ಲಿ ನೆನಪಿರುತ್ತೆ? ಉಬ್ಬಸ ಅಂತ ತೊಟ್ಟಿಲಲ್ಲಿರೋವಾಗ್ಲೇ ಮೈಸೂರಲ್ಲಿ ಅಜ್ಜಿ ಹತ್ರ ಬಿಟ್ಬುಟ್ರಲ್ಲ ನಿನ್ನ. ರಜಕ್ಕೆ ನಾವು ಅಲ್ಲಿಗೆ ಬಂದಾಗ ಇದನ್ನೆಲ್ಲ ನಾನೇ ಅಲ್ವಾ ನಿಂಗೆ ಹೇಳ್ತಿದ್ದಿದ್ದು?"

ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಇದ್ದದ್ದನ್ನು ಹೇಳಿದರು. ನನ್ನವರು ಸೇತುವೆಯನ್ನು ಬಿಟ್ಟು ಅಕ್ಕನನ್ನು ನೋಡಿದರು. ಅಪ್ಪ, ಅಮ್ಮ, ಹೊಳೆ ಎಲ್ಲವೂ ಅಕ್ಕನ ಪಾಲಿಗೆ, ಇವರ ಪಾಲಿಗೆ ರಜದಲ್ಲಿ ಕೇಳಿದ ಕತೆ. ಆ ನೋಟದಲ್ಲಿ ಏನಿತ್ತು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿಗೆ ಮುಂದಿನ ಸೀಟಿನಲ್ಲಿದ್ದರು, ನಾವಿಬ್ಬರು ಹಿಂದೆ. ನನ್ನವರು ಮೆಲ್ಲಗೆ ಹೇಳಿದರು: "ನನ್ನ ನೋಡೋಕೆ ಒಬ್ಳೇ ಬಂದ ಅಮ್ಮ ವಾಪಸ್ ಹೊರಟ್ರೆ ಚಾಮರಾಜಪುರಂ ಸ್ಟೇಷನ್ನಲ್ಲಿ ಸೆರಗು ಹಿಡ್ಕೊಂಡ್ಬುಡ್ತಿದ್ದೆ ಕಣೆ. ಅಜ್ಜಿ ಒಂದೊಂದೇ ಬೆರಳು ಬಿಡಿಸೋಳು." ಇಷ್ಟು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಅಯ್ಯೋ ಎನಿಸಿತು, ಸುಳ್ಳು ಯಾಕೆ, ಸಂತೋಷವೂ ಆಯಿತು.

ಅತ್ತಿಗೆ ಹಿಂದಕ್ಕೆ ತಿರುಗಿದರು. "ಏನದು ಗುಸುಗುಸು? ನಂಗೂ ಹೇಳಿ."

ನನ್ನವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಏನಿಲ್ಲ ಬಿಡಿ ಅತ್ತಿಗೆ. ನೀವಿನ್ನೂ ಮೈಸೂರಿಗೆ ಬಂದು ಸೇರೋಕ್ ಮುಂಚಿಂದು."