ಅಕ್ಕನ ತಲೆಯ ಅಳತೆ

ಹೋದ ತಿಂಗಳು ಆಸ್ಪತ್ರೆಯ ಲಿಫ್ಟಿನಲ್ಲಿ ಒಬ್ಬಳು ಹುಡುಗಿ ನನ್ನ ಪಕ್ಕ ಬಂದು ನಿಂತಳು. ಕೈಯಲ್ಲಿ ಹೆಲ್ಮೆಟ್ಟನ್ನು ಬುಟ್ಟಿಯ ಹಾಗೆ ಹಿಡಿದಿದ್ದಳು. ಅದರೊಳಗೆ ಕೈಗವಸು, ಒಂದು ಕಿತ್ತಳೆ ಹಣ್ಣು. ಒದ್ದೆ ಸ್ಪಂಜಿನ ವಾಸನೆ, ಅದರ ಜೊತೆಗೆ ಬೆಚ್ಚಗಿನ ಕೂದಲಿನ ವಾಸನೆ ಬಂತು. ನನ್ನ ಮಹಡಿ ಬಂದಿತು, ಬಾಗಿಲು ತೆರೆಯಿತು, ನಾನು ಇಳಿಯಲಿಲ್ಲ. ಮೇಲಿನವರೆಗೂ ಹೋಗಿ, ಅದೇ ಲಿಫ್ಟಿನಲ್ಲಿ ಕೆಳಗೆ ಬಂದು, ಲ್ಯಾಬಿಗೆ ಹೋಗಿ ಕೆಲಸ ಶುರು ಮಾಡಿದೆ.

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ನಮ್ಮ ಮನೆಗೆ ಗೋಡೆ ಅಂಟಿಕೊಂಡಿದ್ದ ಮನೆಯಲ್ಲಿ ಅಕ್ಕ ಇದ್ದರು. ರಕ್ತಸಂಬಂಧವೇನೂ ಇರಲಿಲ್ಲ. ಅವರು ಮೈಸೂರಿನವರು, ನಾನು ಕುಂದಾಪುರದ ಕಡೆಯವಳು. ನಾನು ಬಂದ ಹೊಸದರಲ್ಲಿ ಕಸದ ಬಿನ್ ಯಾವತ್ತು ಹೊರಗಿಡಬೇಕು ಎಂದು ಬೇಲಿಯ ಆಚೆಯಿಂದ ಕನ್ನಡದಲ್ಲಿ ಹೇಳಿದವರು ಅವರು. ಅಂದಿನಿಂದ ಅಕ್ಕ ಎಂದೇ ಕರೆದೆ. ಅವರ ಯಜಮಾನರು ಭಾವ ಆದರು. ಅಕ್ಕ ವಿದನ್‌ಶಾದಲ್ಲಿ ನಾನಿದ್ದ ಆಸ್ಪತ್ರೆಯಲ್ಲೇ ಮಕ್ಕಳ ಡಾಕ್ಟರು. ಭಾವ ಬರ್ಚ್‌ವುಡ್‌ನಲ್ಲಿ ಇಂಜಿನಿಯರು, ಕಾರು ಅವರೊಂದಿಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಕಾರು ನಿಲ್ಲಿಸುವ ಪರ್ಮಿಟ್ಟಿಗೆ ಕಾಯುವವರು ಬಹಳ. ಬೈಕಿಗೆ ಪರ್ಮಿಟ್ ಬೇಕಿರಲಿಲ್ಲ. ಹಾಗಾಗಿ ಅಕ್ಕ ಐವತ್ತು ಹತ್ತಿರವಾದ ಮೇಲೆ ಬೈಕು ಕಲಿತು, ಪರೀಕ್ಷೆ ಪಾಸು ಮಾಡಿ, ಚಿಕ್ಕದೊಂದನ್ನು ಕೊಂಡರು.

ಅವರ ಕೂದಲು ದಟ್ಟ. ಭಾನುವಾರ ಎಣ್ಣೆ ಹಚ್ಚಿ ಸ್ನಾನ ಮಾಡಿದರೆ ಸಂಜೆಯವರೆಗೂ ಒಣಗುತ್ತಿರಲಿಲ್ಲ. ಮೊದಲ ಹೆಲ್ಮೆಟ್ ಕೊಂಡದ್ದು ಆ ಕೂದಲಿನ ಮೇಲೆ. ಜಡೆಯನ್ನು ಜಾಕೆಟ್ಟಿನೊಳಗೆ ಇಳಿಬಿಟ್ಟು, ಹೆಲ್ಮೆಟ್ಟನ್ನು ಒತ್ತಿ ಕೂರಿಸಿಕೊಂಡು ಹೊರಡುತ್ತಿದ್ದರು. ಆಗ ಅದು ಸರಿಯಾಗಿಯೇ ಇತ್ತು.

ಒಂದು ಚಳಿಗಾಲದಲ್ಲಿ ಭಾವನಿಗೆ ಎದೆನೋವು ಬಂತು. ಬೈಪಾಸ್ ಆಯಿತು, ಆಮೇಲೆ ಸೋಂಕಾಯಿತು, ಕೆಲವು ದಿನ ಏನೂ ಹೇಳುವ ಹಾಗಿರಲಿಲ್ಲ. ವಾರ್ಡಿನ ಹೊರಗಿನ ಕುರ್ಚಿಯಲ್ಲಿ ಅಕ್ಕ ನನ್ನ ಕಡೆ ತಿರುಗದೆ ಹೇಳಿದರು: "ನಂಜುಂಡೇಶ್ವರನಿಗೆ ಹೇಳ್ಕೊಂಡಿದೀನಿ. ಇವರು ಎದ್ದು ಕೂತ್ರೆ ಮುಡಿ ಕೊಡ್ತೀನಿ. ಪೂರ್ತಿ." ಡಾಕ್ಟರ್ ಹೀಗೆ ಹೇಳುತ್ತಾರಲ್ಲ ಎಂದು ನನಗೆ ಅನ್ನಿಸಲಿಲ್ಲ. ಅಲ್ಲಿ ಕೂತವರು ಯಾರೂ ಡಾಕ್ಟರೂ ಆಗಿರುವುದಿಲ್ಲ, ಇನ್ನೇನೂ ಆಗಿರುವುದಿಲ್ಲ...

ಭಾವ ಎದ್ದು ಕೂತರು. ಹರಕೆಯ ಮಾತು ಕೇಳಿ ಹೊಲಿಗೆ ಎಳೆಯುವಷ್ಟು ನಕ್ಕರು. "ನನ್ನ ಕೊಯ್ದಿದ್ದು ಗ್ಲಾಸ್ಗೋದ ಸರ್ಜನ್ನು. ಕೂದಲು ನಂಜನಗೂಡಿಗಾ? ಪಾಪ, ಅವನಿಗೆ ಒಂದು ಥ್ಯಾಂಕ್ಯೂ ಕಾರ್ಡಾದ್ರೂ ಕೊಡೇ."

"ಅವರಿಗೂ ಕೊಟ್ಟಿದೀನಿ, ನೀವು ಸುಮ್ನಿರಿ," ಎಂದರು ಅಕ್ಕ.

ಊರಿನಲ್ಲಿ ಅತ್ತೆ, ನಾದಿನಿ ಎಲ್ಲರೂ ತಡೆದರಂತೆ. ಮುತ್ತೈದೆಯರು ಪೂರ್ತಿ ತೆಗೆಸುವುದಿಲ್ಲ, ಹೂಮುಡಿ ಕೊಟ್ಟರೆ ಸಾಕು, ತುದಿಯಲ್ಲಿ ಮೂರು ಕಡೆ ಕತ್ತರಿ ಆಡಿಸಿದರೆ ದೇವರು ಒಪ್ಪುತ್ತಾನೆ ಎಂದರಂತೆ. ಅಕ್ಕ ಒಪ್ಪಲಿಲ್ಲ. ಹೇಳಿದ್ದು ಪೂರ್ತಿ ಅಂತ, ಕೊಡುವುದೂ ಪೂರ್ತಿ ಎಂದು ಕಪಿಲೆಯಲ್ಲಿ ಮುಳುಗಿ ಎದ್ದು, ತಲೆಗೆ ಗಂಧ ಬಳಿದುಕೊಂಡು ಬಂದರು. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕೆ ಕರೆತರಲು ನಾನೇ ಹೋಗಿದ್ದೆ. ಟೋಪಿ ತೆಗೆದು ತೋರಿಸಿದರು. ತಲೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮನೆಯಲ್ಲಿ ಭಾವ ಬಾಗಿಲು ತೆಗೆದು ನೋಡಿ, ತಮ್ಮ ಬೋಳು ತಲೆ ಸವರಿಕೊಂಡು, "ಬಾರೇ, ಈಗ ಜೋಡಿ ಸರಿಹೋಯ್ತು," ಎಂದರು. ಆದರೆ ಆಮೇಲೆ ಅಡುಗೆಮನೆಗೆ ಹೋದವರು ಬಹಳ ಹೊತ್ತು ಈಚೆ ಬರಲಿಲ್ಲ.

ಹೆಲ್ಮೆಟ್ಟಿನ ತೊಂದರೆ ಮರುವಾರವೇ ಕಂಡಿತು. ಪಕ್ಕಕ್ಕೆ ನೋಡಲು ಅಕ್ಕ ತಲೆ ತಿರುಗಿಸಿದರೆ ತಲೆ ತಿರುಗುತ್ತಿತ್ತು, ಹೆಲ್ಮೆಟ್ ಮುಂದಕ್ಕೇ ನೋಡುತ್ತಿತ್ತು. ಒಳಗೆ ಉಣ್ಣೆಯ ಟೋಪಿ ಹಾಕಿ ನೋಡಿದರು. "ಹಾಯಾಗಿದೆ ಕಣೆ. ಗಾಳಿ ಆಡುತ್ತೆ." ನಮ್ಮ ಕಡೆ ಹೆಲ್ಮೆಟ್ ಎಂದರೆ ಅದೇ ತಾನೆ. ತಲೆಯ ಮೇಲೆ ಕೊಡದ ಹಾಗೆ ಇಟ್ಟುಕೊಳ್ಳುವುದು, ಪೊಲೀಸರು ಕಾಣದ ಕಡೆ ತೆಗೆದು ಕೈಗೆ ಸಿಕ್ಕಿಸಿಕೊಳ್ಳುವುದು. ಹಗುರವಾಗಿದ್ದರೆ ಒಳ್ಳೆಯದು ಎಂದು ನಾನೂ ಅಂದುಕೊಂಡಿದ್ದೆ. ಭಾವ ಮಾತ್ರ ಕೀಲಿಕೈ ಎತ್ತಿ ಜೇಬಿನಲ್ಲಿಟ್ಟುಕೊಂಡರು. "ಹೊಸದು ತಗೊಂಡ ಮೇಲೆ ಬೈಕು. ಅಲ್ಲೀವರೆಗೂ ಬಸ್ಸು." ಅವರಿಗೆ ಇನ್ನೂ ಕಾರು ಓಡಿಸಲು ಡಾಕ್ಟರು ಬಿಟ್ಟಿರಲಿಲ್ಲ. ಶನಿವಾರ ಅಕ್ಕನನ್ನು ನಾನು ಕರೆದುಕೊಂಡು ಹೋದೆ.

ಮ್ಯಾಂಚೆಸ್ಟರಿನ ಅಂಗಡಿಯಲ್ಲಿ ಸಿಗಲಿಲ್ಲ. ಒಂದು ಕಿವಿ ಮಡಚುತ್ತಿತ್ತು. ಒಂದು ಹಣೆಯ ನಡುವೆ ಒತ್ತಿ ಕೆಂಪು ಗುರುತು ಮಾಡಿತು. "ವಿಭೂತಿ ಇಡೋ ಜಾಗಾನೇ ಬೇಕಿತ್ತಾ ಇದಕ್ಕೆ," ಎಂದು ಅಕ್ಕ ತೆಗೆದಿಟ್ಟರು. ಮತ್ತೊಂದು ಹಾಯಾಗಿತ್ತು, ಆದರೆ ಬಗ್ಗಿದರೆ ಕಣ್ಣಿಗೆ ಇಳಿಯುತ್ತಿತ್ತು. ಲೀಡ್ಸಿನಲ್ಲಿ ದೊಡ್ಡ ಅಂಗಡಿ ಇದೆ ಎಂದು ಯಾರೋ ಹೇಳಿದ್ದರು, ಅಲ್ಲಿಗೆ ಹೋದೆವು. ಗೋಡೆಯ ತುಂಬ ಹೆಲ್ಮೆಟ್ಟುಗಳು, ಎಲ್ಲವೂ ನಮ್ಮ ಕಡೆ ನೋಡುತ್ತಿದ್ದವು. ಅಂಗಡಿಯ ಹೆಂಗಸು ಅಕ್ಕನ ಹಣೆಯ ಸುತ್ತ ಟೇಪು ಹಿಡಿದು, "ಲವ್, ಕೀಮೋ ಮುಗಿಯಿತಾ?" ಎಂದು ಅಲ್ಲಿಯವರ ಅಕ್ಕರೆಯ ಮಾತಿನಲ್ಲಿ ಮೆಲ್ಲಗೆ ಕೇಳಿದಳು. ಅಕ್ಕ ನನ್ನ ಮುಖ ನೋಡಿದರು. ದೇವರಿಗೆ ಕೊಟ್ಟೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಕೆ ಸ್ವಲ್ಪ ಯೋಚಿಸಿ, ಹಾಗಾದರೆ ಮತ್ತೆ ಬರುತ್ತದಲ್ಲ, ಎಂದಳು.

ಕೊನೆಗೆ ಒಂದು ಬೂದು ಬಣ್ಣದ್ದು. ಅಕ್ಕ ಅದನ್ನು ಕಿವಿಯ ಹತ್ತಿರ ಅಗಲಿಸಿ ಎಳೆದು ಹಾಕಿಕೊಂಡರು. ಕೆನ್ನೆಗಳು ಮುಂದಕ್ಕೆ ಬಂದವು. "ಉಸಿರು ಕಟ್ಟುತ್ತೆ, ಬೇಡ," ಎಂದರು. ತೆಗೆಯಬೇಡಿ, ಅಂಗಡಿಯೊಳಗೆ ಓಡಾಡಿ ಎಂದಳು ಆ ಹೆಂಗಸು. ಅಕ್ಕ ಜಾಕೆಟ್ಟುಗಳ ಸಾಲಿನ ನಡುವೆ ಹೋಗಿ ಬಂದರು, ಮತ್ತೆ ಹೋಗಿ ಬಂದರು. ಆಮೇಲೆ ನಿಂತು ಹೇಳಿದರು: "ಬಳೆಗಾರ ಹೇಳ್ತಾನಲ್ಲ ಕಣೆ. ಹತ್ತೋವಾಗ ನೋಯ್ಬೇಕು, ಹತ್ತಿದ ಮೇಲೆ ಮರೀಬೇಕು ಅಂತ. ಈಗ ಮರ್ತೇ ಹೋಗಿದೆ ನೋಡು."

ಅಂಗಡಿಯವಳು ನನ್ನನ್ನು ಕರೆದು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿಯಲು ಹೇಳಿದಳು. ಹಿಡಿದೆ. ಅತ್ತ ಇತ್ತ ತಿರುಗಿಸಿದೆ. ಹೆಲ್ಮೆಟ್ಟಿನ ಜೊತೆ ಅಕ್ಕನ ಹುಬ್ಬು, ಕೆನ್ನೆಯ ಚರ್ಮ ಎಲ್ಲ ಬಂದವು, ಹೆಲ್ಮೆಟ್ ಬೇರೆಯಾಗಿ ಜಾರಲಿಲ್ಲ. ಗದ್ದದ ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಎತ್ತಿ ಮುಂದಕ್ಕೆ ಉರುಳಿಸಲು ನೋಡಿದೆ. ಬರಲಿಲ್ಲ. ಇದನ್ನು ಮಾಡಿದ್ದು ನನ್ನ ಕೈ.

ಅವರು ಅದನ್ನು ಆ ಬೇಸಿಗೆಯೆಲ್ಲ ಹಾಕಿಕೊಂಡರು. ಕೂದಲು ಗಂಡು ಹುಡುಗರ ಕ್ರಾಪಿನಷ್ಟು ಬಂದಿತ್ತು. ಒಂದು ಬೆಳಿಗ್ಗೆ ನನ್ನ ಬಸ್ಸು ವೃತ್ತದ ಹತ್ತಿರ ನಿಂತುಬಿಟ್ಟಿತು. ಮೇಲಿನ ಮಹಡಿಯ ಕಿಟಕಿಯಿಂದ ನೋಡಿದೆ. ಒಂದು ಬಿಳಿ ವ್ಯಾನು ಅಡ್ಡ ನಿಂತಿತ್ತು. ಅದರ ಮುಂದೆ ಅಕ್ಕನ ಬೈಕು ಮಲಗಿತ್ತು. ಅಕ್ಕ ಸ್ವಲ್ಪ ದೂರದಲ್ಲಿ, ಮಗ್ಗುಲಾಗಿ. ಬಸ್ಸಿನವನು ಬಾಗಿಲು ತೆಗೆದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಹೆಲ್ಮೆಟ್ ತಲೆಯ ಮೇಲಿತ್ತು. ಪಟ್ಟಿ ಹಾಕಿದ ಹಾಗೇ ಇತ್ತು. ಮುಟ್ಟಬೇಡಿ ಎಂದು ಯಾರೋ ಹೇಳಿದರು, ಮುಟ್ಟಲಿಲ್ಲ. ಕಣ್ಣು ಅರ್ಧ ತೆರೆದಿತ್ತು. ಅಕ್ಕ ಎಂದು ಕರೆದೆ. ಆಂಬುಲೆನ್ಸಿನವರು ಬಂದು ಪಟ್ಟಿ ಬಿಚ್ಚಿದರು...

ಕಂಡದ್ದಷ್ಟನ್ನೇ ಹೇಳಿ ಎಂದು ಪೊಲೀಸಿನವರು ಕೇಳಿದರು, ಅಷ್ಟನ್ನೇ ಹೇಳಿದೆ. ಈಗಲೂ ಅಷ್ಟೇ ಹೇಳಬಲ್ಲೆ. ವ್ಯಾನು ಬಂದದ್ದನ್ನು ನಾನು ನೋಡಿಲ್ಲ. ಆಮೇಲೆ ನಡೆದ ಸಾವಿನ ವಿಚಾರಣೆಯಲ್ಲಿ ತಲೆಗೆ ಪೆಟ್ಟಿಲ್ಲ, ಎದೆಗೆ ಬಿದ್ದ ಪೆಟ್ಟು ಎಂದು ಓದಿದರು. ಭಾವ ಎದುರಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡರು.

ಮನೆಗೆ ಬಂದು ಚಹಾ ಮಾಡುತ್ತಿದ್ದೆ. ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ಅವರು ಓದಿದ್ದು ಬಿಡು. ನೀನು ಹೇಳು. ಸಡಿಲ ಇತ್ತಾ?"

"ಇಲ್ಲ ಭಾವ."

"ಹೂಮುಡಿ ಕೊಟ್ಟು ಬಂದಿದ್ರೆ ಹಳೇ ಹೆಲ್ಮೆಟ್ಟೇ ಆಗ್ತಿತ್ತು. ನನಗೋಸ್ಕರ ಅಲ್ವಾ ಅವಳು ಪೂರ್ತಿ ಕೊಟ್ಟಿದ್ದು?"

ಹರಕೆಯನ್ನು ನಂಬಿದವರು ಅಕ್ಕ. ನಂಬದೆ ನಕ್ಕವರು ಇವರು. ಈಗ ಅದು ಪೂರ್ತಿಯಾಗಿ ಇವರ ಮೇಲೆ ಬಂದು ಕೂತಿತ್ತು. ನಾನು ಒಲೆ ಆರಿಸಿ, ಲೀಡ್ಸಿನ ಅಂಗಡಿಯಲ್ಲಿ ನನ್ನ ಕೈ ಮಾಡಿದ್ದನ್ನು, ವೃತ್ತದಲ್ಲಿ ನನ್ನ ಕಣ್ಣು ಕಂಡದ್ದನ್ನು ಒಂದೊಂದಾಗಿ ಹೇಳಿದೆ. "ಬಿಗಿ ಇತ್ತು ಭಾವ. ಕೂದಲಿಗೂ ಇದಕ್ಕೂ ಸಂಬಂಧ ಇಲ್ಲ." ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಮನೆ ಮಾರಿ ಅವರು ಲೆಸ್ಟರಿಗೆ ಹೋದರು, ಅಲ್ಲಿ ಅವರ ತಂಗಿ ಇದ್ದಾರೆ. ಭಾನುವಾರ ಫೋನ್ ಮಾಡುತ್ತಾರೆ. ಹವಾಮಾನ, ಮೊಣಕಾಲು, ಅಂಗಡಿಯಲ್ಲಿ ಒಳ್ಳೆಯ ಅವರೆಕಾಯಿ ಬಂದದ್ದು, ಎಲ್ಲ ಆದ ಮೇಲೆ ಒಂದು ಸಲ ಕೇಳುತ್ತಾರೆ. "ಬಿಗಿ ಇತ್ತು ಅಲ್ವಾ?" "ಇತ್ತು ಭಾವ." ಆಮೇಲೆ ಫೋನ್ ಇಡುತ್ತಾರೆ. ವರ್ಷಗಳಿಂದ ಇದು ಹೀಗೇ ನಡೆದಿದೆ. ನನಗೆ ಬೇಸರವಿಲ್ಲ. ಬೇಸರವಲ್ಲದಿದ್ದರೆ ಮತ್ತೇನು ಎಂದು ಹೇಳಲೂ ತಿಳಿಯುವುದಿಲ್ಲ.

ಲಿಫ್ಟಿನಲ್ಲಿ ಆ ಹುಡುಗಿ ಸಿಕ್ಕ ವಾರದ ಭಾನುವಾರವೂ ಫೋನ್ ಬಂತು. ಕೇಳುವ ಹೊತ್ತು ಬಂದಾಗ ನಾನು ಉತ್ತರ ಸಿದ್ಧವಾಗಿಟ್ಟುಕೊಂಡಿದ್ದೆ. ಅವರು ಅದನ್ನು ಕೇಳಲಿಲ್ಲ. ಸ್ವಲ್ಪ ತಡೆದು, "ಆವತ್ತು ಅಂಗಡೀಲಿ... ಕನ್ನಡೀಲಿ ನೋಡ್ಕೊಂಡ್ಳಾ? ನಕ್ಕಳಾ?" ಎಂದರು.

ತಪ್ಪು ಹೇಳಬಾರದು ಎಂದು ನೆನಪು ಮಾಡಿಕೊಂಡೆ.

"ನೋಡ್ಕೊಂಡ್ರು ಭಾವ. ನಕ್ಕಿದ್ರು. ಕೆನ್ನೆ ಒತ್ತಿಕೊಂಡಿತ್ತಲ್ಲ, ಬಾಯಿ ಅಗಲ ಆಗ್ಲಿಲ್ಲ. ಕಣ್ಣಲ್ಲಿ ಗೊತ್ತಾಯ್ತು."

ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.